ಗೋಡೆ ಕಿತ್ತು ನೋಡಿದ ಮನೆಗಳು

ಬೆಳಕು ಹರಿಯುವ ಹೊತ್ತು. ಅಡುಗೆಮನೆಯ ಸೀಮೆಎಣ್ಣೆ ದೀಪವನ್ನು ಇನ್ನೂ ಯಾರೂ ಆರಿಸಿಲ್ಲ. ಮೂಲೆಯಲ್ಲಿ ಕಬ್ಬಿಣದ ಒಲೆ, ಅದರ ಹೊಗೆಕೊಳವೆ ಸೂರಿನತ್ತ ಏರಿದೆ. ಒಬ್ಬಳು ತಗಡಿನ ತೊಟ್ಟಿಯಲ್ಲಿ ಮೀಯುತ್ತಿದ್ದಾಳೆ, ಇನ್ನೊಬ್ಬಳು ನೀರು ಹೊಯ್ಯುತ್ತಿದ್ದಾಳೆ. ಮೇಜಿನ ಬಳಿ ಕೂತ ಗಂಡಸು ಕೆಲಸಕ್ಕೆ ಹೊರಡುವ ಮುಂಚೆ ಎರಡು ತುತ್ತು ತಿನ್ನುತ್ತಿದ್ದಾನೆ. ಅವನ ಕೈ ಅವನ ಮೈಗೆ ಹೊಂದುವುದಿಲ್ಲ, ತೀರಾ ದೊಡ್ಡದು. ಹತ್ತಿರ ಹೋಗಿ ನೋಡಿದರೆ ಅದು ಯಾವುದೋ ಪತ್ರಿಕೆಯ ಫೋಟೊದಿಂದ ಕತ್ತರಿಸಿ ತಂದ ಕೈ. ಅವನ ಒಂದು ಕಣ್ಣು ಮನುಷ್ಯನದು, ಇನ್ನೊಂದು ಆಫ್ರಿಕದ ಮರದ ಮುಖವಾಡದ್ದು. ಗೋಡೆ ಬಣ್ಣ ಬಳಿದ ಕಾಗದ, ಹೊದಿಕೆ ನಿಜವಾದ ಬಟ್ಟೆ. ಕಿಟಕಿಯಾಚೆ ಹೊಗೆ ಉಗುಳುತ್ತ ರೈಲೊಂದು ಹೋಗುತ್ತಿದೆ.

ಅಮೆರಿಕದ ಕಲಾವಿದ ರೋಮರಿ ಬಿಯರ್ಡನ್ ಅವರ ಕೊಲಾಜ್ ಚಿತ್ರಗಳನ್ನು ಒಂದಾದ ಮೇಲೊಂದು ನೋಡುತ್ತ ಹೋದವರ ಕಣ್ಣಲ್ಲಿ ಉಳಿದುಬಿಡುವುದು ಇಂಥದೊಂದು ಮನೆ. ಐವತ್ತು ದಾಟಿದ ಮೇಲೆ ಕತ್ತರಿ ಹಿಡಿದ ಅವರು, 1988ರಲ್ಲಿ ತೀರಿಕೊಳ್ಳುವವರೆಗೂ ಕಪ್ಪು ಜನರ ದಿನನಿತ್ಯದ ಬದುಕನ್ನು ಕಾಗದದ ಚೂರುಗಳಲ್ಲಿ ಕಟ್ಟುತ್ತಲೇ ಇದ್ದರು.

ಅಮೆರಿಕದ ಕಪ್ಪು ಜನರ ಕಥೆ ಕನ್ನಡದ ಓದುಗರಿಗೆ ಹೊಸದಲ್ಲ. ಮಾರ್ಟಿನ್ ಲೂಥರ್ ಕಿಂಗ್ ಗೊತ್ತು. ಅಲೆಕ್ಸ್ ಹೇಲಿಯ ‘ರೂಟ್ಸ್’ ಕಾದಂಬರಿ ‘ತಲೆಮಾರು’ ಎಂಬ ಹೆಸರಿನಲ್ಲಿ ಕನ್ನಡಕ್ಕೆ ಬಂದಿದೆ. ಗುಲಾಮರ ಹಡಗು, ಹತ್ತಿಹೊಲ, ಚಾವಟಿ, ಮೆರವಣಿಗೆ, ಪೊಲೀಸರ ನಾಯಿ, ಎಲ್ಲ ಕಣ್ಣಿಗೆ ಕಟ್ಟಿವೆ. ಆದರೆ ಮೆರವಣಿಗೆ ಮುಗಿಸಿ ಮನೆಗೆ ಹೋದವರು ರಾತ್ರಿ ಏನು ಉಂಡರು, ಯಾವ ಹೊದಿಕೆ ಹೊದ್ದರು, ಮರುದಿನ ಬೆಳಗ್ಗೆ ಯಾರು ಯಾರ ತಲೆ ಬಾಚಿದರು? ಅಲ್ಲಿಗೆ ನಮ್ಮ ಕಣ್ಣು ಹೋದದ್ದು ಕಡಿಮೆ. ಬಿಯರ್ಡನ್ ನೋಡಿದ್ದೆಲ್ಲ ಅತ್ತಲೇ.

ಮೆರವಣಿಗೆಯ ವರ್ಷ

1963ರ ಮೇ ತಿಂಗಳಲ್ಲಿ ಅಲಬಾಮ ರಾಜ್ಯದ ಬರ್ಮಿಂಗ್‌ಹ್ಯಾಮ್‌ನಲ್ಲಿ ಕಪ್ಪು ಶಾಲಾ ಮಕ್ಕಳು ಸಮಾನ ಹಕ್ಕು ಕೇಳುತ್ತ ಬೀದಿಗಿಳಿದರು. ಅವರ ಮೇಲೆ ಪೊಲೀಸರು ನಾಯಿ ಬಿಟ್ಟರು, ಬೆಂಕಿ ಆರಿಸುವ ಕೊಳವೆಗಳಿಂದ ನೀರು ಹಾಯಿಸಿದರು. ಆ ಫೋಟೊಗಳು ಜಗತ್ತನ್ನೆಲ್ಲ ಸುತ್ತಿದವು. ಆಗಸ್ಟ್ 28ರಂದು ವಾಷಿಂಗ್ಟನ್‌ನಲ್ಲಿ ಅದೇ ಹಕ್ಕಿನ ಮೆರವಣಿಗೆಗೆ ಎರಡೂವರೆ ಲಕ್ಷದಷ್ಟು ಜನ ಸೇರಿದರು.

ಈ ಎರಡರ ನಡುವೆ, ಜುಲೈನಲ್ಲಿ, ನ್ಯೂಯಾರ್ಕ್‌ನ ಕೆಲವು ಕಪ್ಪು ಕಲಾವಿದರು ಒಂದೆಡೆ ಕೂಡಿದರು. ಬಿಯರ್ಡನ್, ನಾರ್ಮನ್ ಲೂಯಿಸ್, ಹೇಲ್ ವುಡ್‌ರಫ್, ಚಾರ್ಲ್ಸ್ ಆಲ್ಸ್ಟನ್ ಮೊದಲಾದವರು. ಇಡೀ ಸಮುದಾಯ ಬೀದಿಯಲ್ಲಿರುವಾಗ ಕುಂಚ ಹಿಡಿದವರು ಏನು ಮಾಡಬೇಕು ಎಂಬುದು ಅವರ ಚಿಂತೆ. ಗುಂಪಿಗೆ ‘ಸ್ಪೈರಲ್’ ಎಂದು ಹೆಸರಿಟ್ಟುಕೊಂಡರು. ಎಲ್ಲರೂ ಸೇರಿ ಒಂದೇ ಕೊಲಾಜ್ ಮಾಡೋಣ ಎಂದು ಬಿಯರ್ಡನ್ ಸೂಚಿಸಿದರು, ಪತ್ರಿಕೆಗಳಿಂದ ಕತ್ತರಿಸಿದ ಚಿತ್ರಗಳನ್ನೂ ಗುಡ್ಡೆ ಹಾಕಿಕೊಂಡರು. ಉಳಿದವರಿಗೆ ಅದು ಹಿಡಿಸಲಿಲ್ಲ. ಆ ಚೂರುಗಳೊಂದಿಗೆ ಬಿಯರ್ಡನ್ ಒಬ್ಬರೇ ಉಳಿದರು.

ಆಗ ಅವರಿಗೆ ಐವತ್ತೆರಡರ ಆಸುಪಾಸು. ಅದಕ್ಕೂ ಮುಂಚಿನ ವರ್ಷಗಳಲ್ಲಿ ಅವರು ಬರೆಯುತ್ತಿದ್ದದ್ದು ಅಮೂರ್ತ ಚಿತ್ರಗಳನ್ನು. ಅವುಗಳಲ್ಲಿ ಮನೆಯೂ ಇರಲಿಲ್ಲ, ಮನುಷ್ಯರೂ ಇರಲಿಲ್ಲ. ಹೊಟ್ಟೆಪಾಡಿಗೆ ನ್ಯೂಯಾರ್ಕ್ ನಗರದ ಸಮಾಜಕಲ್ಯಾಣ ಇಲಾಖೆಯ ನೌಕರಿ. ಯುದ್ಧಕಾಲದ ಸೇನೆಯ ವರ್ಷಗಳು ಮತ್ತು 1950ರ ಪ್ಯಾರಿಸ್ ವಾಸದಂಥ ಬಿಡುವುಗಳನ್ನು ಬಿಟ್ಟರೆ, 1930ರ ದಶಕದಿಂದ 1960ರ ದಶಕದ ಕೊನೆಯವರೆಗೆ ಅದೇ ಕೆಲಸ. ಚಿತ್ರ ಬರೆಯುತ್ತಿದ್ದದ್ದು ರಾತ್ರಿ ಮತ್ತು ರಜಾದಿನಗಳಲ್ಲಿ. ಈ ನೌಕರಿಯನ್ನು ಅವರ ಕಲೆಗೆ ಅಡ್ಡಿಯಾದ ಹೊರೆ ಎಂದು ನೋಡುವುದುಂಟು. ನನಗೆ ಹಾಗನ್ನಿಸುವುದಿಲ್ಲ. ಬಡವರ ಮನೆಬಾಗಿಲು ತಟ್ಟಿ ಒಳಹೋಗಿ ಕೂತು, ಅವರ ಕಷ್ಟ ಕೇಳಿ ಬರೆದುಕೊಳ್ಳುವ ಕೆಲಸವನ್ನು ದಶಕಗಳ ಕಾಲ ಮಾಡಿದ ಇನ್ನೊಬ್ಬ ದೊಡ್ಡ ಕಲಾವಿದ ಆ ನಗರದಲ್ಲಿ ಇದ್ದಿರಲಾರರು.

ಅಂಗೈ ಅಗಲದ ಚೂರುಗಳನ್ನು ಕೂಡಿಸಿ ಅವರು ಮಾಡಿದ ಮೊದಲ ಕೊಲಾಜ್‌ಗಳು ಚಿಕ್ಕವು. ಇಂದು ನ್ಯೂಯಾರ್ಕ್‌ನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್‌ನಲ್ಲಿರುವ ‘ದಿ ಡವ್’ ಸುಮಾರು 34 ಸೆಂಟಿಮೀಟರ್ ಎತ್ತರ, 48 ಸೆಂಟಿಮೀಟರ್ ಅಗಲ. ಒಂದು ದಿನಪತ್ರಿಕೆಯ ಪುಟಕ್ಕಿಂತಲೂ ಸಣ್ಣದು. ಅಷ್ಟರಲ್ಲೇ ನ್ಯೂಯಾರ್ಕ್‌ನ ಕಪ್ಪು ಜನರ ಬಡಾವಣೆಯಾದ ಹಾರ್ಲೆಮ್‌ನ ಒಂದು ಬೀದಿ, ಮೆಟ್ಟಿಲು, ಕಿಟಕಿಗಳಿಂದ ಇಣುಕುವ ಮುಖಗಳು, ಒಂದು ಬೆಕ್ಕು, ಮೇಲೆ ಕೂತ ಬಿಳಿ ಪಾರಿವಾಳ. ಇವನ್ನು ಯಂತ್ರದಲ್ಲಿ ಹಿಗ್ಗಿಸಿ ನೋಡಬಾರದೇಕೆ ಎಂದು ಸ್ಪೈರಲ್‌ನ ಗೆಳೆಯ ರೆಜಿನಾಲ್ಡ್ ಗ್ಯಾಮನ್ ಸಲಹೆ ಕೊಟ್ಟರು. 1964ರ ಅಕ್ಟೋಬರ್‌ನಲ್ಲಿ ಕಾರ್ಡಿಯರ್ ಅಂಡ್ ಎಕ್‌ಸ್ಟ್ರಾಮ್ ಗ್ಯಾಲರಿಯ ಗೋಡೆಗಳ ಮೇಲೆ ಆ ಪುಟ್ಟ ಕೊಲಾಜ್‌ಗಳು ಹಲವು ಪಟ್ಟು ಹಿಗ್ಗಿ, ಕಪ್ಪು ಬಿಳುಪಿನಲ್ಲಿ ನಿಂತವು. ಪ್ರದರ್ಶನದ ಹೆಸರು ‘ಪ್ರೊಜೆಕ್ಷನ್ಸ್’.

ಅಲ್ಲಿಗೆ ಬಂದವರು ಏನನ್ನು ನೋಡಿದರು? ಹಾರ್ಲೆಮ್‌ನ ಲೆನಾಕ್ಸ್ ಅವೆನ್ಯೂದ ಒಂದು ಮನೆಯಲ್ಲಿ ರಾತ್ರಿ 9 ಗಂಟೆ 10 ನಿಮಿಷಕ್ಕೆ ಇಸ್ಪೀಟು ಆಡುತ್ತ ಕೂತವರನ್ನು. ನದಿಯಲ್ಲಿ ದೀಕ್ಷಾಸ್ನಾನ ಮಾಡಿಸುತ್ತಿರುವವರನ್ನು. ಗಿಡಮೂಲಿಕೆ, ಮಂತ್ರ ಬಲ್ಲ ಹಳ್ಳಿಯ ಹೆಂಗಸನ್ನು. ನಾಯಿಯೂ ಇಲ್ಲ, ನೀರಿನ ಕೊಳವೆಯೂ ಇಲ್ಲ.

ಊರಿಗೆ ಬೆಂಕಿ ಬಿದ್ದಾಗ ಇಸ್ಪೀಟಾಟದ ಚಿತ್ರವೇ ಎಂದು ಕೇಳುವವರು ಆಗಲೂ ಇದ್ದರು, ಈಗಲೂ ಇರಬಹುದು. ಆದರೆ ಆ ಕಾಲದ ಪತ್ರಿಕೆಗಳಲ್ಲಿ ಕಪ್ಪು ಮನುಷ್ಯನಿಗೆ ಸಿಗುತ್ತಿದ್ದ ಜಾಗಗಳನ್ನು ನೆನೆಯಬೇಕು. ಏಟು ತಿನ್ನುವವನು, ಘೋಷಣೆ ಕೂಗುವವನು, ಸಮಾಜಶಾಸ್ತ್ರದ ಕೋಷ್ಟಕದಲ್ಲಿ ಒಂದು ಅಂಕಿ. ಬಿಯರ್ಡನ್ ಅದೇ ಪತ್ರಿಕೆಗಳನ್ನು ಕತ್ತರಿಸಿ, ಅವುಗಳ ಮುಖಗಳನ್ನೇ ತೆಗೆದು ಊಟದ ಮೇಜಿನ ಸುತ್ತ ಕೂರಿಸಿದರು. ಸುದ್ದಿಯಾಗಿದ್ದವರನ್ನು ಮನೆಯವರನ್ನಾಗಿ ಮಾಡಿದರು. ಆ ವರ್ಷ ಅಮೆರಿಕದಲ್ಲಿ ನಡೆದ ಪ್ರತಿಭಟನೆಗಳಲ್ಲಿ ಇದನ್ನೂ ನಾನು ಎಣಿಸುತ್ತೇನೆ.

ಯೂಜೀನನ ಚಿತ್ರಗಳು

ರೋಮರಿ ಹುಟ್ಟಿದ್ದು 1911ರ ಸೆಪ್ಟೆಂಬರ್ 2ರಂದು, ದಕ್ಷಿಣದ ನಾರ್ತ್ ಕ್ಯಾರೊಲಿನ ರಾಜ್ಯದ ಶಾರ್ಲಟ್ ಊರಿನಲ್ಲಿ. ಊರು ಮೆಕ್ಲೆನ್‌ಬರ್ಗ್ ಕೌಂಟಿಗೆ ಸೇರಿದ್ದು. ಈ ಹೆಸರು ಮುಂದೆ ಅವರ ಹತ್ತಾರು ಚಿತ್ರಗಳ ಶೀರ್ಷಿಕೆಯಲ್ಲಿ ಬರುತ್ತದೆ. ಮುತ್ತಜ್ಜ ಮುತ್ತಜ್ಜಿಯರ ದೊಡ್ಡ ಸಂಸಾರ. ಮಗುವಿಗೆ ಮೂರು ತುಂಬುವ ಹೊತ್ತಿಗೆ ತಂದೆತಾಯಿ ಗಂಟುಮೂಟೆ ಕಟ್ಟಿ ಉತ್ತರಕ್ಕೆ, ನ್ಯೂಯಾರ್ಕ್‌ನ ಹಾರ್ಲೆಮ್‌ಗೆ ಹೊರಟರು.

ಹೊರಟವರು ಅವರಷ್ಟೇ ಅಲ್ಲ. ದಕ್ಷಿಣದಲ್ಲಿ ಕಪ್ಪು ಜನರಿಗೆ ಬೇರೆ ಬೋಗಿ, ಬೇರೆ ಬಾಗಿಲು, ಬೇರೆ ನಲ್ಲಿ. ಮಾತು ಮೀರಿದರೆ ಗುಂಪು ಸೇರಿ ಮರಕ್ಕೆ ನೇತುಹಾಕುವ ಭಯ. ಉತ್ತರದಲ್ಲಿ ಕಾರ್ಖಾನೆಗಳು ಕೈಬೀಸಿ ಕರೆಯುತ್ತಿದ್ದವು. 1910ರ ದಶಕದಿಂದ 1970ರವರೆಗೆ ಸುಮಾರು 60 ಲಕ್ಷ ಕಪ್ಪು ಜನ ದಕ್ಷಿಣವನ್ನು ಬಿಟ್ಟು ಹೋದರು. ಇತಿಹಾಸದಲ್ಲಿ ಇದು ‘ಮಹಾ ವಲಸೆ’. ಬಿಯರ್ಡನ್ ಚಿತ್ರಗಳ ಕಿಟಕಿಯಾಚೆ ಮತ್ತೆ ಮತ್ತೆ ಹಾಯುವ ರೈಲು ಇದೇ ವಲಸೆಯದು. ಮನೆಯೊಳಗೆ ಎಷ್ಟೇ ನೆಮ್ಮದಿಯಿರಲಿ, ಹೊರಗೆ ರೈಲು ಕಾಯುತ್ತಿರುತ್ತದೆ.

ಹಾರ್ಲೆಮ್‌ನ ಮನೆ ಸದಾ ತೆರೆದ ಮನೆ. ತಾಯಿ ಬೆಸ್ಸಿ ‘ಷಿಕಾಗೊ ಡಿಫೆಂಡರ್’ ಪತ್ರಿಕೆಯ ನ್ಯೂಯಾರ್ಕ್ ಪ್ರತಿನಿಧಿ, ಊರಿನ ರಾಜಕೀಯದಲ್ಲೂ ಮುಂದು. ಸಂಗೀತಗಾರ ಡ್ಯೂಕ್ ಎಲಿಂಗ್ಟನ್, ಕವಿ ಲ್ಯಾಂಗ್‌ಸ್ಟನ್ ಹ್ಯೂಸ್ ಅಲ್ಲಿಗೆ ಬಂದುಹೋಗುವವರು. ಬೇಸಿಗೆ ರಜೆಗೆ ಹುಡುಗನನ್ನು ಶಾರ್ಲಟ್‌ಗೆ ಕಳಿಸುತ್ತಿದ್ದರು. ತಾಯಿಯ ತಾಯಿ ಇದ್ದದ್ದು ಉಕ್ಕಿನ ಊರಾದ ಪಿಟ್ಸ್‌ಬರ್ಗ್‌ನಲ್ಲಿ. ಅಜ್ಜಿ ಕಾರ್ಖಾನೆಯ ಕಾರ್ಮಿಕರಿಗೆ ಊಟ ವಸತಿಯ ಮನೆ ನಡೆಸುತ್ತಿದ್ದಳು. ದಕ್ಷಿಣದಿಂದ ಆಗಷ್ಟೇ ಬಂದ ಗಂಡಸರು ಕುಲುಮೆಯ ಝಳಕ್ಕೆ ಮೈ ಸುಟ್ಟುಕೊಂಡು ಮನೆಗೆ ಬಂದಾಗ ಅಜ್ಜಿ ಅವರ ಬೆನ್ನಿಗೆ ಕೋಕೊ ಬೆಣ್ಣೆ ಸವರುತ್ತಿದ್ದಳು. ಇದು ಹುಡುಗ ಮರೆಯದ ನೆನಪು.

ಮರೆಯದ ಇನ್ನೊಂದು ನೆನಪು ಯೂಜೀನ್ ಎಂಬ ಹುಡುಗನದು. ಪೋಲಿಯೊದಿಂದ ಕಾಲು ಸೋತಿದ್ದ ಅವನನ್ನು ಪಿಟ್ಸ್‌ಬರ್ಗ್‌ನಲ್ಲಿ ರೋಮರಿ ಮತ್ತು ಗೆಳೆಯರು ಮೊದಲು ಕಂಡಾಗ ಸುತ್ತುವರಿದು ಹೊಡೆದಿದ್ದರು. ಅಜ್ಜಿ ಬಂದು ಬಿಡಿಸಿದಳು. ಆಮೇಲೆ ಅವನು ಗೆಳೆಯನಾದ. ಯೂಜೀನ್ ಚಿತ್ರ ಬರೆಯುತ್ತಿದ್ದ, ರೋಮರಿಗೂ ಕಲಿಸತೊಡಗಿದ. ಅವನು ಬರೆದ ಚಿತ್ರಗಳಲ್ಲಿ ಒಂದು ಮನೆ ಇತ್ತು. ಮುಂದಿನ ಗೋಡೆಯನ್ನೇ ಕಿತ್ತು ತೆಗೆದಂತೆ, ಒಳಗಿನ ಒಂದೊಂದು ಕೋಣೆಯಲ್ಲೂ ಏನು ನಡೆಯುತ್ತಿದೆ ಎಂಬುದೆಲ್ಲ ಕಾಣುವಂತೆ ಬರೆದ ಮನೆ. ಅದು ಅವನು ತಾಯಿಯೊಂದಿಗೆ ಇದ್ದ ವೇಶ್ಯಾಗೃಹ.

ಆ ಹಾಳೆಗಳು ಅಜ್ಜಿಯ ಕಣ್ಣಿಗೆ ಬಿದ್ದವು. ಅವಳು ಅವನ್ನೆಲ್ಲ ಸುಟ್ಟುಹಾಕಿದಳು. ಸುಟ್ಟು ಸುಮ್ಮನಾಗಲಿಲ್ಲ, ಹೋಗಿ ಯೂಜೀನನನ್ನು ಕರೆತಂದು ತನ್ನ ಮನೆಯಲ್ಲೇ ಇರಿಸಿಕೊಂಡಳು. ವರ್ಷದೊಳಗೆ ಅವನು ತೀರಿಕೊಂಡ.

ಸುಟ್ಟುಹೋದ ಆ ಚಿತ್ರಗಳು ಎಲ್ಲಿಯೂ ಹೋಗಲಿಲ್ಲ ಎಂದೇ ನನ್ನ ನಂಬಿಕೆ. ಬಿಯರ್ಡನ್ ಮುಂದೆ ಮಾಡಿದ್ದೆಲ್ಲ ಗೋಡೆ ಕಿತ್ತ ಮನೆಗಳನ್ನೇ. ಗೆಳೆಯನ ಶವಯಾತ್ರೆಯನ್ನು ಅವರು 1978ರಲ್ಲಿ ‘ಫೇರ್‌ವೆಲ್ ಯೂಜೀನ್’ ಎಂದು ಕೊಲಾಜ್ ಮಾಡಿದರು. ಸಾವಿಗೂ ಚಿತ್ರಕ್ಕೂ ನಡುವೆ ಅರ್ಧ ಶತಮಾನದ ಅಂತರ.

ರೋಮರಿ ಬೆಳೆದು ಒಳ್ಳೆಯ ಬೇಸ್‌ಬಾಲ್ ಆಟಗಾರನೂ ಆದ. ಮೈಬಣ್ಣ ಬಹಳ ತಿಳಿ, ಬಿಳಿಯನೆಂದರೆ ಯಾರೂ ಅನುಮಾನಿಸದಷ್ಟು. ಕಪ್ಪು ಆಟಗಾರರಿಗೆ ದೊಡ್ಡ ಲೀಗ್‌ಗಳ ಬಾಗಿಲು ಮುಚ್ಚಿದ್ದ ಕಾಲ ಅದು. ಬಿಳಿಯನೆಂದು ಹೇಳಿಕೊಳ್ಳುವುದಾದರೆ ಫಿಲಡೆಲ್ಫಿಯ ಅಥ್ಲೆಟಿಕ್ಸ್ ತಂಡದಲ್ಲಿ ಜಾಗ ಇದೆ ಎಂಬ ಆಹ್ವಾನ ಬಂದಿತ್ತೆಂದೂ ಬಿಯರ್ಡನ್ ಅದನ್ನು ಒಪ್ಪಲಿಲ್ಲವೆಂದೂ ಅವರ ಜೀವನಚರಿತ್ರೆಕಾರರು ಬರೆದಿದ್ದಾರೆ.

ಕತ್ತರಿಯ ಕೆಲಸ

ಕೊಲಾಜ್ ಎಂದರೆ ಅಂಟಿಸುವುದು. ಫ್ರೆಂಚ್ ಮೂಲದ ಮಾತು. 1912ರಲ್ಲಿ ಪ್ಯಾರಿಸ್‌ನಲ್ಲಿ ಪಿಕಾಸೊ ಮತ್ತು ಬ್ರಾಕ್ ಚಿತ್ರದೊಳಕ್ಕೆ ಪತ್ರಿಕೆಯ ತುಂಡು, ಗೋಡೆಕಾಗದಗಳನ್ನು ಅಂಟಿಸಿದಾಗಿನಿಂದ ಅದು ಆಧುನಿಕ ಕಲೆಯ ಒಂದು ದಾರಿಯಾಯಿತು. ಮೊದಲ ಮಹಾಯುದ್ಧದ ನಂತರ ಬರ್ಲಿನ್‌ನ ಕಲಾವಿದರು ಫೋಟೊಗಳನ್ನು ಕತ್ತರಿಸಿ ಜೋಡಿಸಿ ಅಧಿಕಾರಸ್ಥರನ್ನು ಲೇವಡಿ ಮಾಡಿದರು. ಅವರಲ್ಲೊಬ್ಬರಾದ ಜಾರ್ಜ್ ಗ್ರೋಸ್ ಹಿಟ್ಲರ್ ಅಧಿಕಾರಕ್ಕೇರುವ ಹೊತ್ತಿಗೆ ಜರ್ಮನಿ ಬಿಟ್ಟು ನ್ಯೂಯಾರ್ಕ್‌ಗೆ ಬಂದು ಆರ್ಟ್ ಸ್ಟೂಡೆಂಟ್ಸ್ ಲೀಗ್‌ನಲ್ಲಿ ಕಲಿಸುತ್ತಿದ್ದಾಗ ಬಿಯರ್ಡನ್ ಗ್ರೋಸ್‌ರ ವಿದ್ಯಾರ್ಥಿಯಾಗಿದ್ದರು.

ಹೀಗೆ ವಿದ್ಯೆ ಯೂರೋಪಿನಿಂದ ಬಂದದ್ದು. ಬಳಕೆ ಮಾತ್ರ ಬೇರೆ. ಬರ್ಲಿನ್ನಿನವರಿಗೆ ಕತ್ತರಿ ಎಂದರೆ ಒಡೆಯುವ ಸಾಧನ. ಬಿಯರ್ಡನ್ ಎದುರಿಗಿದ್ದದ್ದು ಮೊದಲೇ ಒಡೆದ ಬದುಕು: ಆಫ್ರಿಕದಿಂದ ಕಿತ್ತು ತಂದದ್ದು, ಹರಾಜಿನಲ್ಲಿ ಸಂಸಾರಗಳನ್ನು ಹರಿದುಹಂಚಿದ್ದು, ದಕ್ಷಿಣದಿಂದ ಉತ್ತರಕ್ಕೆ ಚದುರಿದ್ದು. ಅವರ ಚಿತ್ರದ ಒಂದು ಮುಖದಲ್ಲಿ ಬೆನಿನ್ನಿನ ಮುಖವಾಡದ ಮೂಗು, ಹಾರ್ಲೆಮ್‌ನ ಯಾರದೋ ತುಟಿ, ಜಾಹೀರಾತಿನ ಯಾರದೋ ಹಣೆ ಕೂಡಿದ್ದರೆ ಅದು ಚಮತ್ಕಾರಕ್ಕಾಗಿ ಮಾಡಿದ್ದಲ್ಲ. ಅಂಥ ಜನರ ಮುಖ ನಿಜಕ್ಕೂ ಹಾಗೆಯೇ ಆಗಿದ್ದು, ಮೂರು ಊರು ಮೂರು ಕಾಲಗಳಿಂದ.

ಕೆಲಸದ ಬಗೆ ಸರಳವೆಂದು ತೋರುತ್ತದೆ. ಗಟ್ಟಿ ಹಲಗೆಯ ಮೇಲೆ ಮೊದಲು ಕೆಲವು ಆಯತಾಕಾರದ ಬಣ್ಣದ ತುಂಡುಗಳು. ಅವು ಹಲಗೆಯ ಅಂಚುಗಳಿಗೆ ಸಮಾನಾಂತರ. ಒಂದರ ಅಳತೆಗೆ ಇನ್ನೊಂದರ ಅಳತೆ ತೂಗಬೇಕು. ಮನೆ ಕಟ್ಟುವವರು ಮೊದಲು ಕಂಬ ತೊಲೆ ನಿಲ್ಲಿಸಿದ ಹಾಗೆ ಇದು. ಅದರ ಮೇಲೆ ಕಾಗದ ಅಂಟಿಸುವುದು, ಅಂಟಿಸಿದ್ದನ್ನು ಹರಿಯುವುದು, ಹರಿದ ಕಡೆ ಕೆಳಗಿನ ಪದರ ಕಂಡರೆ ಕಾಣಲು ಬಿಡುವುದು, ಮತ್ತೆ ಅಂಟಿಸುವುದು, ಮೇಲೆ ಬಣ್ಣ ಬಳಿಯುವುದು. ಯಾವುದೋ ಘಳಿಗೆಯಲ್ಲಿ ಒಂದು ಆಕಾರ ಕಣ್ಣಿಗೆ ಹೊಳೆಯುತ್ತದೆ, ಅಲ್ಲಿಂದ ಚಿತ್ರ ತನ್ನ ದಾರಿ ಹಿಡಿಯುತ್ತದೆ. ಮೊದಮೊದಲು ಫೋಟೊ ಚೂರುಗಳೇ ಹೆಚ್ಚು. 1970ರ ದಶಕದಲ್ಲಿ ಅವರು ತಾವೇ ಬಣ್ಣ ಬಳಿದ ಕಾಗದ, ಬಟ್ಟೆಗಳನ್ನು ಹೆಚ್ಚು ಬಳಸಿದರು. ಚಿತ್ರಗಳಿಗೆ ಗಾಢ ನೀಲಿ, ಹಸಿರು, ಕೆಂಪು ಬಂದವು. 1977ರಲ್ಲಿ ‘ನ್ಯೂಯಾರ್ಕರ್’ ಪತ್ರಿಕೆಯಲ್ಲಿ ಕ್ಯಾಲ್ವಿನ್ ಟಾಮ್‌ಕಿನ್ಸ್ ಬಿಯರ್ಡನ್ ಬಗ್ಗೆ ಬರೆದ ದೀರ್ಘ ಲೇಖನದ ತಲೆಬರಹದ ಅರ್ಥವೂ ಅದೇ: ಒಂದರ ಮೇಲೆ ಇನ್ನೊಂದನ್ನು ಇಡುವುದು.

ಕೈ ಯಾಕಷ್ಟು ದೊಡ್ಡದು ಎಂಬ ಪ್ರಶ್ನೆಗೆ ಉತ್ತರವೂ ಈ ವಿಧಾನದಲ್ಲಿದೆ. ಕುಂಚದಲ್ಲಿ ಬರೆಯುವವರು ಕೈಯನ್ನು ಮೈಯ ಅಳತೆಗೆ ಇಳಿಸಬಹುದು. ಕತ್ತರಿಸಿ ತಂದ ಕೈ ತನ್ನ ಅಳತೆಯನ್ನು ಹೊತ್ತುಕೊಂಡೇ ಬರುತ್ತದೆ. ಬಿಯರ್ಡನ್ ಅದನ್ನು ತಿದ್ದಲಿಲ್ಲ. ಒಲೆ ಹೊತ್ತಿಸುವ, ಹತ್ತಿ ಬಿಡಿಸುವ, ಗಿಟಾರಿನ ತಂತಿ ಮೀಟುವ ಕೈಗೆ ಆ ಬದುಕಿನಲ್ಲಿ ಇದ್ದ ತೂಕ ಹಾಗೆಯೇ ಉಳಿಯಲಿ ಎಂದು ಬಿಟ್ಟರು.

ಮನೆಯೊಳಗಿನ ಬೆಳಕು, ಬಾಗಿಲು, ಬಾಗಿಲಾಚೆಯ ಇನ್ನೊಂದು ಕೋಣೆ, ಇವನ್ನು ಜೋಡಿಸುವುದನ್ನು ಅವರು ಕಲಿತದ್ದು ಹದಿನೇಳನೆಯ ಶತಮಾನದ ಡಚ್ ಚಿತ್ರಕಾರರಿಂದ. ಪೀಟರ್ ಡ ಹೋಕ್‌ನಂಥವರ ಚಿತ್ರಗಳನ್ನು ಎದುರಿಗಿಟ್ಟುಕೊಂಡು ನಕಲು ಮಾಡಿ ಅಭ್ಯಾಸ ಮಾಡಿದ್ದರು. ಖಾಲಿ ಜಾಗವನ್ನು ಖಾಲಿ ಬಿಡುವ ಧೈರ್ಯ ಬಂದದ್ದು ಜಾಜ್ ಸಂಗೀತದಿಂದ. ಪಿಯಾನೊ ವಾದಕ ಅರ್ಲ್ ಹೈನ್ಸ್‌ರ ಧ್ವನಿಮುದ್ರಿಕೆ ಕೇಳು, ಸ್ವರಗಳನ್ನಲ್ಲ, ಸ್ವರಗಳ ನಡುವಿನ ಬಿಡುವನ್ನು ಕೇಳು ಎಂದು ಚಿತ್ರಕಾರ ಸ್ಟುವರ್ಟ್ ಡೇವಿಸ್ ಬಿಯರ್ಡನ್‌ಗೆ ಹೇಳಿಕೊಟ್ಟಿದ್ದರು. ಡಚ್ಚರ ಅಡುಗೆಮನೆ ಲೋಕದ ಸ್ವತ್ತಾಗಬಹುದಾದರೆ ಮೆಕ್ಲೆನ್‌ಬರ್ಗ್‌ನ ಅಡುಗೆಮನೆಯೂ ಆಗಬೇಕು ಎಂಬ ಹಟ ಈ ಅಭ್ಯಾಸದ ಹಿಂದೆ ಇದ್ದಂತಿದೆ.

ಹೊದಿಕೆಯ ಪಾಠ

ಇಷ್ಟೆಲ್ಲ ಗುರುಗಳಿದ್ದರೂ ಇನ್ನೊಂದು ಪಾಠಶಾಲೆ ಅವರ ಮನೆತನದಲ್ಲೇ ಇತ್ತು. ದಕ್ಷಿಣದ ಕಪ್ಪು ಹೆಂಗಸರು ಹರಿದ ಕೆಲಸದ ಬಟ್ಟೆ, ಹಿಟ್ಟಿನ ಚೀಲ, ಹಳೆಯ ಅಂಗಿಗಳ ತೇಪೆ ಜೋಡಿಸಿ ಹೊದಿಕೆ ಹೊಲಿಯುತ್ತಿದ್ದರು. ಅಲಬಾಮದ ಗೀಸ್ ಬೆಂಡ್ ಎಂಬ ಹಳ್ಳಿಯ ಹೊದಿಕೆಗಳು ಇಂದು ದೊಡ್ಡ ಸಂಗ್ರಹಾಲಯಗಳ ಗೋಡೆ ಏರಿವೆ. ಅವನ್ನು ಹೊಲಿದವರಿಗೆ ಅದು ಚಳಿಗೆ ಬೇಕಾದ ವಸ್ತು.

1970ರಲ್ಲಿ ಬಿಯರ್ಡನ್ ಮಾಡಿದ ‘ಪ್ಯಾಚ್‌ವರ್ಕ್ ಕ್ವಿಲ್ಟ್’ನಲ್ಲಿ ಕಪ್ಪು ಹೆಣ್ಣೊಬ್ಬಳು ಅಂಥದೊಂದು ಹೊದಿಕೆಯ ಮೇಲೆ ಮಲಗಿದ್ದಾಳೆ. ಅವಳ ಮೈಯ ನಿಲುವು ಈಜಿಪ್ಟಿನ ಪುರಾತನ ಉಬ್ಬುಚಿತ್ರಗಳನ್ನು ನೆನಪಿಸುತ್ತದೆ. ಕೆಳಗಿನ ಹೊದಿಕೆ ನಿಜವಾದ ಬಟ್ಟೆಯ ತುಂಡುಗಳದ್ದು. ಚೌಕುಳಿ, ಹೂವು, ಗೆರೆ. ಚಿತ್ರ ಯಾವುದು, ಹೊದಿಕೆ ಯಾವುದು ಎಂದು ಹೇಳಲು ಬರುವುದಿಲ್ಲ. ಪ್ಯಾರಿಸ್‌ನಲ್ಲಿ 1912ರಲ್ಲಿ ಶುರುವಾಯಿತು ಎನ್ನುವ ಕಲೆಯನ್ನು ಅಜ್ಜಿಯರು ಎಂದಿನಿಂದಲೋ ಮಾಡುತ್ತಿದ್ದರು ಎಂಬುದನ್ನು ಈ ಒಂದು ಚಿತ್ರ ಮಾತಿಲ್ಲದೆ ತೋರಿಸುತ್ತದೆ.

ಇದನ್ನು ಓದುವಾಗ ನಮಗೆ ಕೌದಿ ನೆನಪಾಗುವುದು ಸಹಜ. ಕೌದಿಯ ನಂಟು ಇಲ್ಲಿ ನೆನಪಿಗಿಂತ ಗಟ್ಟಿಯಾದದ್ದು. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಾಡಂಚಿನ ಸಿದ್ದಿಯರ ಪೂರ್ವಿಕರು ಆಫ್ರಿಕದಿಂದ ಬಂದವರು, ಅವರಲ್ಲಿ ಬಹಳಷ್ಟು ಜನ ಗುಲಾಮರಾಗಿ ಗೋವಾದ ದಾರಿಯಲ್ಲಿ. ಸಿದ್ದಿ ಹೆಂಗಸರು ಹಳೆಯ ಸೀರೆ ಬಟ್ಟೆಗಳ ತುಂಡುಗಳನ್ನು ಅಂಚಿನಿಂದ ಹೊಲಿಯುತ್ತ, ಸುತ್ತು ಹಾಕುತ್ತ ನಡುವಿಗೆ ಬರುತ್ತಾರೆ. ನಾಲ್ಕು ಮೂಲೆಗೂ ‘ಫುಲ’ ಎಂಬ ಮಡಿಸಿದ ತ್ರಿಕೋನ ಇಡದಿದ್ದರೆ ಕೌದಿ ಬೆತ್ತಲೆ ಎನ್ನುತ್ತಾರೆ. ಈ ಕೌದಿಗಳು ಹಾರ್ಲೆಮ್‌ನ ಶೋಂಬರ್ಗ್ ಕೇಂದ್ರದಲ್ಲಿ ಪ್ರದರ್ಶನಗೊಂಡಿವೆ. ಆ ಹೊತ್ತಿಗೆ ಬಿಯರ್ಡನ್ ಇರಲಿಲ್ಲ. ಒಂದೇ ಖಂಡದಿಂದ ಎರಡು ದಿಕ್ಕಿಗೆ ಒಯ್ಯಲ್ಪಟ್ಟವರ ಎರಡು ಹೊದಿಕೆಗಳು ಅವರು ಬೆಳೆದ ಬಡಾವಣೆಯಲ್ಲೇ ಹತ್ತಿರ ಬಂದದ್ದನ್ನು ನೋಡಲು ಅವರು ಇರಬೇಕಿತ್ತು.

ಒಂದು ಬೀದಿ, 18 ಅಡಿ

ಅವರ ಎಲ್ಲ ಚಿತ್ರಗಳಲ್ಲಿ ಒಂದನ್ನೇ ನೋಡಲು ಸಮಯವಿದ್ದರೆ ‘ದಿ ಬ್ಲಾಕ್’ ನೋಡಬೇಕು. 1971ರ ಕೃತಿ. ಆರು ಹಲಗೆಗಳು ಸಾಲಾಗಿ ನಿಂತು 18 ಅಡಿ ಉದ್ದ, 4 ಅಡಿ ಎತ್ತರ. ಗೆಳೆಯ, ಲೇಖಕ ಆಲ್ಬರ್ಟ್ ಮರ್ರಿ ಲೆನಾಕ್ಸ್ ಅವೆನ್ಯೂದ ಎತ್ತರದ ಕಟ್ಟಡವೊಂದರಲ್ಲಿ ವಾಸವಾಗಿದ್ದರು. ಅವರ ಮನೆಯಿಂದ ಎದುರು ಕಾಣುವ 132 ಮತ್ತು 133ನೇ ಬೀದಿಗಳ ನಡುವಿನ ಕಟ್ಟಡಗಳ ಸಾಲು ಇದರ ವಸ್ತು.

ಇಗರ್ಜಿ, ಕ್ಷೌರದಂಗಡಿ, ದಿನಸಿ ಅಂಗಡಿ. ಕಾಲುದಾರಿಯಲ್ಲಿ ಆಡುವ ಮಕ್ಕಳು, ಹರಟುತ್ತ ನಿಂತವರು. ಒಂದೆಡೆ ಶವಯಾತ್ರೆ ಹೊರಡುತ್ತಿದೆ, ಮೇಲೆ ದೇವದೂತರು. ಇಷ್ಟು ಬೀದಿ. ಆದರೆ ಅಲ್ಲಲ್ಲಿ ಇಟ್ಟಿಗೆಯ ಗೋಡೆ ಇದ್ದಕ್ಕಿದ್ದಂತೆ ಮಾಯ. ಒಳಗೆ ಯಾರೋ ಮೀಯುತ್ತಿದ್ದಾರೆ, ಯಾರೋ ಅಪ್ಪಿಕೊಂಡು ಮಲಗಿದ್ದಾರೆ, ಯಾರೋ ಒಬ್ಬರೇ ಕೂತಿದ್ದಾರೆ. ಯೂಜೀನ್ ಪಿಟ್ಸ್‌ಬರ್ಗ್‌ನಲ್ಲಿ ಕಿತ್ತ ಗೋಡೆ ನಾಲ್ಕು ದಶಕ ದಾಟಿ ಇಲ್ಲಿ ಮತ್ತೆ ಕಿತ್ತುಬಂದಿದೆ. ಅಲ್ಲಿ ಅಜ್ಜಿಗೆ ಸಹಿಸಲಾಗದ್ದನ್ನು ಇಲ್ಲಿ ಕರುಣೆಯಿಂದ ನೋಡಲಾಗಿದೆ.

ಅದೇ 1971ರಲ್ಲಿ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್ ಬಿಯರ್ಡನ್ ಅವರ ದೊಡ್ಡ ಪ್ರದರ್ಶನ ಏರ್ಪಡಿಸಿತು. ಅಲ್ಲಿ ‘ದಿ ಬ್ಲಾಕ್’ ಜೊತೆಗೆ ಬೀದಿಯ ಸದ್ದುಗಳ ಧ್ವನಿಮುದ್ರಣವನ್ನೂ ಕೇಳಿಸಿದರು. ಈಗ ಕೃತಿ ಇರುವುದು ನ್ಯೂಯಾರ್ಕ್‌ನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿ.

ತಕರಾರುಗಳಿಲ್ಲದೆ ಇಲ್ಲ. ಅವರ ದಕ್ಷಿಣದಲ್ಲಿ ಸೂರ್ಯೋದಯಗಳು ಹೆಚ್ಚು, ರಕ್ತ ಕಡಿಮೆ. ಬಾಲ್ಯದ ನೆನಪು ಹತ್ತಿಹೊಲದ ಬೆವರನ್ನೂ ಬಣ್ಣವಾಗಿಸಿಬಿಡುತ್ತದೆ ಎಂಬ ಮಾತಿನಲ್ಲಿ ಹುರುಳಿದೆ. ಮೀಯುವ ಹೆಣ್ಣುಗಳು ಅಷ್ಟೊಂದು ಸಲ ಬರುವುದೇಕೆ, ನೋಡುತ್ತಿರುವವರು ಯಾರು ಎಂಬ ಪ್ರಶ್ನೆಯೂ ನ್ಯಾಯವಾದದ್ದೇ. ಕೆಲವು ಚಿತ್ರಗಳು ಈ ಪ್ರಶ್ನೆಗೆ ಉತ್ತರ ಕೊಡಲಾರವು. ಶಾರ್ಲಟ್‌ನ ತೋಟದ ಒಡತಿ ಮಾಡೆಲ್ ಸ್ಲೀಟ್ ಎಂಬಾಕೆ ಕೈಯಲ್ಲಿ ಹೂವು ಹಿಡಿದು ನೇರ ನಮ್ಮನ್ನೇ ದಿಟ್ಟಿಸುವ ಚಿತ್ರದ ಎದುರು ಮಾತ್ರ ಈ ಪ್ರಶ್ನೆ ಏಳುವುದಿಲ್ಲ.

ಮುಂದಿನ ತಲೆಮಾರಿನ ಹೆಣ್ಣುಮಕ್ಕಳು ಆ ಪ್ರಶ್ನೆಯನ್ನು ಕೈಗೆತ್ತಿಕೊಂಡು ತಮ್ಮದೇ ಮನೆಗಳನ್ನು ಕಟ್ಟಿದ್ದಾರೆ. ನೈಜೀರಿಯದಲ್ಲಿ 1983ರಲ್ಲಿ ಹುಟ್ಟಿ ಲಾಸ್ ಏಂಜಲೀಸ್‌ನಲ್ಲಿ ನೆಲೆಸಿರುವ ಇಂಜಿಡೆಕ ಅಕುನ್ಯಿಲಿ ಕ್ರಾಸ್ಬಿ ಅವರ ಚಿತ್ರಗಳಲ್ಲಿ ಸೋಫಾ, ಚಹಾದ ಮೇಜು, ಸೀಮೆಎಣ್ಣೆ ದೀಪಗಳ ಸುತ್ತಲಿನ ಗೋಡೆ, ನೆಲ, ಉಡುಪುಗಳೆಲ್ಲ ಕುಟುಂಬದ ಫೋಟೊಗಳು ಮತ್ತು ನೈಜೀರಿಯದ ಪತ್ರಿಕೆಗಳ ಅಚ್ಚುಗಳಿಂದ ತುಂಬಿರುತ್ತವೆ. ಮಿಕಲೀನ್ ಥಾಮಸ್ ಅವರ ಹೆಂಗಸರು ಬಗೆಬಗೆಯ ಹೂಬಟ್ಟೆ ಹೊದಿಸಿದ ಬೈಠಕ್‌ಖಾನೆಯಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತು ನೋಡುಗರನ್ನೇ ನೋಡುತ್ತಾರೆ.

ತಟ್ಟದ ಬಾಗಿಲು

1987ರಲ್ಲಿ ಬಿಯರ್ಡನ್ ಅವರಿಗೆ ಅಮೆರಿಕದ ರಾಷ್ಟ್ರೀಯ ಕಲಾ ಪದಕ ಬಂತು. ವಾಷಿಂಗ್ಟನ್‌ನ ನ್ಯಾಷನಲ್ ಗ್ಯಾಲರಿ ಕಪ್ಪು ಕಲಾವಿದರೊಬ್ಬರ ಸಮಗ್ರ ಪ್ರದರ್ಶನವನ್ನು ಮೊತ್ತಮೊದಲು ಏರ್ಪಡಿಸಿದ್ದು 2003ರಲ್ಲಿ, ಅದು ಅವರದೇ. ಹುಟ್ಟೂರು ಶಾರ್ಲಟ್‌ನ ನಡುವೆ 2013ರಿಂದ ಅವರ ಹೆಸರಿನ ಉದ್ಯಾನವಿದೆ.

ಈ ಗೌರವಗಳಿಗಿಂತ ದೊಡ್ಡ ಫಲ ಬೇರೆ ಕಡೆ, ರಂಗಭೂಮಿಯಲ್ಲಿ ಬಿಟ್ಟಿತು. ಪಿಟ್ಸ್‌ಬರ್ಗ್‌ನಲ್ಲೇ ಹುಟ್ಟಿದ ನಾಟಕಕಾರ ಆಗಸ್ಟ್ ವಿಲ್ಸನ್ 1977ರಲ್ಲಿ ಪುಸ್ತಕವೊಂದರಲ್ಲಿ ಬಿಯರ್ಡನ್ ಕೊಲಾಜ್‌ಗಳನ್ನು ಮೊದಲ ಸಲ ನೋಡಿದರು. ತಾನು ಬೆಳೆದ ಬೀದಿಯ ಸಾಧಾರಣ ಜನ ಇಷ್ಟು ದೊಡ್ಡದಾಗಿ, ಇಷ್ಟು ಘನವಾಗಿ ನಿಂತದ್ದನ್ನು ಅವರು ಅದುವರೆಗೆ ಕಂಡಿರಲಿಲ್ಲ. ‘ದಿ ಪಿಯಾನೊ ಲೆಸನ್’ ಎಂಬ ಚಿತ್ರದಿಂದ ಅದೇ ಹೆಸರಿನ ನಾಟಕ ಹುಟ್ಟಿ 1990ರಲ್ಲಿ ಪುಲಿಟ್ಜರ್ ಪ್ರಶಸ್ತಿ ಪಡೆಯಿತು. ಅಜ್ಜಿಯ ವಸತಿಗೃಹದ ನೆನಪಿನಿಂದ ಬಿಯರ್ಡನ್ 1978ರಲ್ಲಿ ಮಾಡಿದ ‘ಮಿಲ್‌ಹ್ಯಾಂಡ್ಸ್ ಲಂಚ್ ಬಕೆಟ್’ನಲ್ಲಿ ಒಬ್ಬ ಗಂಡಸು ಮಂಕಾಗಿ ಕೂತಿದ್ದಾನೆ. ಅವನು ಯಾರು, ಅವನಿಗೇನಾಗಿದೆ ಎಂದು ಯೋಚಿಸುತ್ತ ವಿಲ್ಸನ್ ‘ಜೋ ಟರ್ನರ್ಸ್ ಕಮ್ ಅಂಡ್ ಗಾನ್’ ಬರೆದರು. ನಾಟಕದ ಕಾಲ 1911, ಬಿಯರ್ಡನ್ ಹುಟ್ಟಿದ ವರ್ಷ.

ಇಬ್ಬರೂ ಭೇಟಿಯಾಗಲೇ ಇಲ್ಲ. ಒಂದು ದಿನ ವಿಲ್ಸನ್ ನ್ಯೂಯಾರ್ಕ್‌ನ 357, ಕೆನಾಲ್ ಸ್ಟ್ರೀಟ್‌ನ ಮುಂದೆ, ಬಿಯರ್ಡನ್ ವಾಸವಿದ್ದ ಕಟ್ಟಡದ ಎದುರು ಹೋಗಿ ನಿಂತರು. ಬಾಗಿಲು ತಟ್ಟುವ ಧೈರ್ಯವಾಗದೆ ಹಿಂದಿರುಗಿದರು. ಇದನ್ನು ಅವರೇ ಬರೆದಿದ್ದಾರೆ.

1988ರ ಮಾರ್ಚ್ 12ರಂದು ಬಿಯರ್ಡನ್ ತೀರಿಕೊಂಡರು. ಹದಿನೈದು ದಿನ ಕಳೆದು, ಮಾರ್ಚ್ 27ರಂದು, ‘ಜೋ ಟರ್ನರ್’ ಬ್ರಾಡ್‌ವೇಯಲ್ಲಿ ಮೊದಲ ಪ್ರದರ್ಶನ ಕಂಡಿತು. ನಾಟಕ ಶುರುವಾಗುವುದು ಪಿಟ್ಸ್‌ಬರ್ಗ್‌ನ ವಸತಿಗೃಹವೊಂದರ ಅಡುಗೆಮನೆಯಲ್ಲಿ, ಮನೆಯೊಡತಿ ಬೆಳಗಿನ ತಿಂಡಿಗೆ ಅಣಿಮಾಡುತ್ತಿರುವ ಹೊತ್ತಿನಲ್ಲಿ.